ಟ್ರ್ಯಾಕ್ಟರ್ ಬೆನ್ನಿಗೆ ಜೋಡಿ ದೀಪ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಂಜೆ ದೇವರ ಮುಂದೆ ದೀಪ ಹಚ್ಚಿ ಕಣ್ಣು ಮುಚ್ಚಿದರೆ ನನಗೆ ದೇವರು ಕಾಣುವುದಿಲ್ಲ, ಟ್ರ್ಯಾಕ್ಟರ್ ಕಾಣುತ್ತದೆ. ಬನಶಂಕರಿ ತಾಯಿಯ ಸಿಂಹವನ್ನು ನೆನೆಯಲು ಹೊರಟರೆ ಅದರ ಜಾಗದಲ್ಲಿ ನಮ್ಮ ಮಾವನ ಕಾಲದ ಆ ಮಾಸಿದ ಕೆಂಪು ಗಾಡಿ ಡುಗು ಡುಗು ಎನ್ನುತ್ತ ಬಂದು ನಿಲ್ಲುತ್ತದೆ. ಬೇರೆ ಹೆಣ್ಣುಮಕ್ಕಳಿಗೂ ಹೀಗೇ ಆಗುತ್ತದೋ ಏನೋ. ಒಬ್ಬರಿಗೆ ಒಲೆಯ ಮೇಲಿನ ಹಾಲು ಕಾಣಬಹುದು, ಇನ್ನೊಬ್ಬರಿಗೆ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ. ದೇವರಿಗೂ ಇದೆಲ್ಲ ರೂಢಿಯಾಗಿರಬೇಕು. ಇಲ್ಲದಿದ್ದರೆ ಇಷ್ಟು ದಿನ ನನ್ನ ಪೂಜೆಯನ್ನು ಸಹಿಸಿಕೊಂಡು ಕೂತಿರುತ್ತಿರಲಿಲ್ಲ.

ನಾನು ದೊಡ್ಡದನ್ನು ಬೇಡುವವಳಲ್ಲ. ದಿನ ಮುಗಿಯುವಾಗ ಬೆರಳಿನ ಗೆಣ್ಣುಗಳ ಮೇಲೆ ಅವತ್ತಿನ ಸಣ್ಣಪುಟ್ಟ ಉಪಕಾರಗಳನ್ನು ಎಣಿಸುವುದು ನನ್ನ ಪದ್ಧತಿ. ಬೀಗರು ಎದ್ದು ಹೋಗುವವರೆಗೆ ಗ್ಯಾಸ್ ಮುಗಿಯಲಿಲ್ಲ, ತಾಯಿ, ನಿನ್ನ ಉಪಕಾರ. ನಳಕ್ಕೆ ನೀರು ಬಂದಾಗ ನಾನು ಮನೆಯಲ್ಲೇ ಇದ್ದೆ, ನಿನ್ನ ಉಪಕಾರ. ನಮ್ಮ ಅತ್ತೆಯವರಿಗೆ ಬಾಗಲಕೋಟೆಯಲ್ಲಿ ಕಣ್ಣಿನ ಪೊರೆ ತೆಗೆಸಿದ್ದು ಬಹಳ ದೊಡ್ಡ ಉಪಕಾರ. ಅಂದಿನಿಂದ ಅವರಿಗೆ ನಮ್ಮ ಮನೆಯ ಪ್ರತಿಯೊಂದು ಜೇಡರ ಬಲೆಯೂ ಕಾಣತೊಡಗಿದೆ. ಅದನ್ನು ಮಾತ್ರ ನಾನು ಯಾವ ಗೆಣ್ಣಿನ ಮೇಲೂ ಹಾಕಿಲ್ಲ.

ನಮ್ಮ ಮನೆ ಗುಡೂರಿನ ಅಂಚಿಗೆ. ಹೊಲ ಇಳಕಲ್ ರಸ್ತೆಗೆ ಹತ್ತಿದಂತೆ ಸ್ವಲ್ಪ ದೂರ. ನಮ್ಮ ಯಜಮಾನರು ದಿನಾಲು ಆ ಗಾಡಿಯ ಮೇಲೆಯೇ ಹೋಗಿ ಬರುತ್ತಾರೆ. ಈಗ ಅದಕ್ಕೆ ಟ್ರೇಲರ್ ಡಬ್ಬಿ ಎಳೆಯುವ ತ್ರಾಣವಿಲ್ಲ. ಬೆನ್ನಿಗೆ ಹೊಲ ಹರಗುವ ಕುಂಟೆಯೊಂದನ್ನು ಎತ್ತಿಕೊಂಡು, ಸೊಂಟ ನೋಯುವವರಂತೆ ನಿಧಾನಕ್ಕೆ ಬರುತ್ತದೆ. ಆ ರಸ್ತೆಗೋ ಪುರುಸೊತ್ತೆಂಬುದಿಲ್ಲ. ಇಳಕಲ್ಲಿನ ಕಲ್ಲು ಹೇರಿಕೊಂಡ ಲಾರಿಗಳು, ಬಾದಾಮಿಯ ಬಸ್ಸುಗಳು, ಕತ್ತಲಾಗುವುದರೊಳಗೆ ಪಟ್ಟದಕಲ್ಲು ನೋಡಿ ಮುಗಿಸಲೇಬೇಕೆಂದು ಹಟ ಹಿಡಿದ ಕಾರುಗಳು. ಮುಸ್ಸಂಜೆಗೆ ನಾನು ಒಲೆಯ ಮುಂದೆ ಕೂತಿದ್ದರೂ ಕಿವಿ ಮಾತ್ರ ರಸ್ತೆಯಲ್ಲಿ. ಡುಗು ಡುಗು ಗಟ್ಟಿಯಾದರೆ ಹಳ್ಳದ ಸೇತುವೆ ದಾಟಿದರು. ಏದುಸಿರಿನಂತಾದರೆ ಏರಿಗೆ ಬಂದರು. ನಡುವೆ ಒಂದು ಲಾರಿ ಹೋಯಿತೆನ್ನಿ, ಆ ಸದ್ದು ನಮ್ಮ ಸದ್ದನ್ನು ನುಂಗಿಬಿಡುತ್ತದೆ. ಅದು ಮತ್ತೆ ಕೇಳುವವರೆಗೆ ನಾನು ಕೈಯಲ್ಲಿ ಹಿಟ್ಟು ಹಿಡಿದುಕೊಂಡು ಬಾಗಿಲಿಗೆ, ಬಾಗಿಲಿನಿಂದ ಒಲೆಗೆ, ಮತ್ತೆ ಬಾಗಿಲಿಗೆ. ಹಂಚಿನ ಮೇಲಿನ ರೊಟ್ಟಿ ತನ್ನ ಪಾಡಿಗೆ ತಾನು ಕಪ್ಪಾಗುತ್ತದೆ. ನಮ್ಮ ಮನೆಯಲ್ಲಿ ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಕರಿದಾದ ಭಾಗವನ್ನು ಮುರಿದು ಬದಿಗಿಟ್ಟು ಉಣ್ಣುತ್ತಾರೆ.

ಹೀಗಿರುವಾಗ ಒಂದು ಸಂಜೆ ಯಜಮಾನರು ಊಟಕ್ಕೆ ಕೂತವರು ಬಹಳ ಖುಷಿಯಲ್ಲಿ ಸುದ್ದಿ ತೆಗೆದರು.

"ಬದಾಮಿ ಬಸ್ಸಿನವ ಇವತ್ತ ನಮ್ಮ ಕುಂಟಿ ಮ್ಯಾಲೇ ಕುಂಡ್ರಾಕ ಬಂದಿದ್ದ ನೋಡು. ಗೇಣು ಬಿಟ್ಟು ಬ್ರೇಕ್ ಹಾಕ್ಯಾನ. ಇಳದು ಬಂದು ಕೇಳ್ತಾನ, ಯಜಮಾನಾ, ಗಾಡಿ ಹಿಂದ ಒಂದ ಕೆಂಪ ದೀಪ ಇಲ್ಲೇನ ಅಂತ. ನಾನೂ ಬಿಡಲಿಲ್ಲ. ನಿನ್ನ ಗಾಡಿ ಮುಂದ ಎರಡು ಬಿಳೀ ದೀಪ ಅದಾವಲ್ಲ, ಅವೇನ ಮದುವಿ ಮೆರವಣಿಗಿಗೆ ಇಟ್ಟೀಯೇನ ಅಂದೆ!"

ಅವರು ನಕ್ಕರು. ಅತ್ತೆಯವರು ನಗಲಿಲ್ಲ.

"ರೀ, ನಾಳೇನ ಎರಡು ದೀಪ ಹಾಕಸ್ರಿ," ಎಂದೆ.

"ಅಪ್ಪನ ಗಾಡಿಗೆ ತೂತ ಹೊಡಸಂಗಿಲ್ಲ."

"ಗಾಡಿಗೆ ತೂತ ಬೀಳೂದ ನಿಮಗ ಚಿಂತಿ. ನಿಮಗ ಬಿದ್ರ?"

"ನನಗ ಬಿದ್ರ ದವಾಖಾನ್ಯಾಗ ಹೊಲೀತಾರ. ಗಾಡಿಗೆ ಬಿದ್ರ ಯಾರು ಹೊಲೀತಾರ?"

ಮದುವೆಯಾಗಿ ಇಷ್ಟು ವರ್ಷಗಳಾದರೂ ಇವರ ಇಂಥ ಮಾತಿಗೆ ನನ್ನಲ್ಲಿ ಉತ್ತರ ಹುಟ್ಟುವುದು ಮರುದಿನ, ಪಾತ್ರೆ ತಿಕ್ಕುವಾಗ. ಅಷ್ಟರೊಳಗೆ ಅವರು ಒಂದು ಉಪಾಯ ಮಾಡಿ ಮುಗಿಸಿದ್ದರು. ನನ್ನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗನ್ನು ಹರಿದು ಕುಂಟೆಗೆ ಕಟ್ಟಿದ್ದರು.

"ಕತ್ತಲಾಗ ಕೆಂಪು ಅರಿವಿ ಕಾಣತೈತೇನ್ರಿ?"

"ಇಳಕಲ್ ಸೆರಗ ಜಗತ್ತಿಗೇ ಕಾಣತೈತಿ. ಬಸ್ಸಿನವಗ ಕಾಣಂಗಿಲ್ಲೇನ?"

ಇನ್ನು ಇವರ ಮುಂದೆ ಮಾತಾಡಿ ಉಪಯೋಗವಿಲ್ಲವೆಂದು ತಿಳಿದ ಮೇಲೆ ನಾನು ಮೇಲಿನವರ ಹತ್ತಿರ ಹೋದೆ. ಮುಂದಿನ ಶುಕ್ರವಾರ ಅತ್ತೆಯವರನ್ನು ಕರೆದುಕೊಂಡು ಬನಶಂಕರಿಗೆ ಹೋದವಳು, ತಾಯಿಯ ಎದುರು ನಿಂತು, ಅತ್ತೆಯವರಿಗೆ ಕೇಳುವಷ್ಟು ಗಟ್ಟಿಯಾಗಿ, "ಮಾವನ ಗಾಡಿಗೆ ಜೋಡಿ ದೀಪ ಹಚ್ಚಸ್ತೇನಿ, ಇವರನ್ನ ದಿನಾ ಮನಿ ಮುಟ್ಟಸು," ಎಂದು ಹರಕೆ ಹೊತ್ತುಬಿಟ್ಟೆ. ಹೀಗೆ ಹರಕೆ ಹೊರಬಹುದೋ ಬಾರದೋ ನನಗೆ ಗೊತ್ತಿಲ್ಲ. ತಾಯಿ ಬೇಡ ಅನ್ನಲಿಲ್ಲ.

"ನನ್ನ ಕೇಳಲಾರದ ಹರಕಿ ಹೊತ್ತೀಯಾ?" ಎಂದು ಯಜಮಾನರು ಹಾರಾಡಿದರು.

"ದೇವರ ಮುಂದ ಮಾತಾಡಾಕೂ ನಿಮ್ಮ ಪರವಾನಗಿ ಬೇಕೇನ್ರಿ?"

ಒಳಗಿನಿಂದ ಅತ್ತೆಯವರ ದನಿ ಬಂತು: "ದೀಪದ ಹರಕಿ ತಪ್ಪಸಬಾರದೋ ಮಗನ. ರಾಜೇಸಾಬಗ ಫೋನ್ ಹಚ್ಚು."

ರಾಜೇಸಾಬ ನಮ್ಮೂರಿನ ಎಲೆಕ್ಟ್ರಿಷಿಯನ್. ಮಿಕ್ಸರ್‌ನಿಂದ ಬೋರಿನ ಮೋಟಾರಿನವರೆಗೆ ಏನನ್ನು ಕೊಟ್ಟರೂ ಮೊದಲು ಅದನ್ನು ಪೂರ್ತಿ ಬಿಚ್ಚಿ, ಆಮೇಲೆ ಏನಾಗಿದೆಯೆಂದು ಕೇಳುವ ಮನುಷ್ಯ. ಇಳಕಲ್‌ಗೆ ಹೋಗಿ ಎರಡು ದುಂಡನೆಯ ಎಲ್‌ಇಡಿ ದೀಪ ತಂದ. ಮಡ್‌ಗಾರ್ಡಿಗೆ ಅವನು ಡ್ರಿಲ್ ಹಚ್ಚಿದಾಗ ನಮ್ಮ ಯಜಮಾನರು, ಕಿವಿ ಚುಚ್ಚಿಸಲು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಸೋದರಮಾವನಂತೆ, ಅದನ್ನು ಎರಡೂ ಕೈಯಿಂದ ಹಿಡಿದು ಮುಖ ಆ ಕಡೆ ತಿರುಗಿಸಿದ್ದರು. ತೂತು ಬಿತ್ತು, ದೀಪ ಕೂತವು, ವೈರು ಎಳೆದದ್ದಾಯಿತು. ಬಟನ್ ಒತ್ತಿದರೆ ಒಂದೂ ಹತ್ತಲಿಲ್ಲ. ರಾಜೇಸಾಬ ದೀಪಗಳನ್ನು ಬಿಚ್ಚಿ ಮತ್ತೆ ಕಟ್ಟಿದ. ಹತ್ತಲಿಲ್ಲ. ಅಂಗಡಿಯವನಿಗೆ ಬೈಯುತ್ತ ಮತ್ತೆ ಇಳಕಲ್‌ಗೆ ಹೋಗಿ ಬೇರೆ ಜೋಡಿ ತಂದ. ಅವೂ ಹತ್ತಲಿಲ್ಲ. ನಾನು ದೇವರ ಕೋಣೆಗೆ ಹೋಗಿ, ಹರಕೆಯಲ್ಲಿ ಏನಾದರೂ ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೋ ತಾಯಿ ಎಂದು ಹೇಳಿ ಬಂದೆ. ಅಷ್ಟು ಹೊತ್ತು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಯಜಮಾನರು ಆಗ ಬಾಯಿಬಿಟ್ಟರು.

"ಎಲ್ಲಾ ಗಾಡ್ಯಾಗೂ ಬ್ಯಾಟ್ರಿ ಮೈನಸ್ ಕಬ್ಬಿಣಕ್ಕ ಕೊಟ್ಟಿರ್ತಾರ. ಇದರಾಗ ಪ್ಲಸ್ ಕೊಟ್ಟಾರ. ಹಳೇ ಗಾಡಿ, ಎಲ್ಲಾ ಉಲ್ಟಾ."

"ಮೊದ್ಲ ಹೇಳಬೇಕಿಲ್ರಿ ಅಣ್ಣಾರ!" ಎಂದು ರಾಜೇಸಾಬ ತಲೆಯ ಮೇಲೆ ಕೈ ಹೊತ್ತ.

"ನೀ ಎಲ್ಲಿ ಕೇಳಿದಿ?"

"ವೈನಿ, ಇವರನ್ನ ಕಟ್ಟಿಕೊಂಡು ಹ್ಯಾಂಗ ಬಾಳೇ ಮಾಡ್ತೀರಿ?"

"ನನಗೂ ಯಾರೂ ಮೊದ್ಲ ಹೇಳಲಿಲ್ಲ ರಾಜೇಸಾಬ," ಎಂದೆ. ಆವತ್ತು ಮಾತ್ರ ಉತ್ತರ ಆ ಹೊತ್ತಿಗೇ ಬಂತು. ಅದನ್ನೂ ಒಂದು ಗೆಣ್ಣಿನ ಮೇಲೆ ಹಾಕಿಕೊಂಡೆ.

ವೈರು ಅದಲು ಬದಲು ಮಾಡಿದ್ದೇ ತಡ, ಹಾಡುಹಗಲಲ್ಲೇ ಎರಡೂ ದೀಪ ಜಗ್ಗನೆ ಹತ್ತಿದವು. ಹೊಸ ಸೊಸೆಯ ಕಿವಿಯೋಲೆಯಂತೆ ಕೆಂಪಗೆ ಹೊಳೆದವು. ನಾನು ಎಣ್ಣೆಯಲ್ಲಿ ಕುಂಕುಮ ಕಲಸಿ ಎರಡಕ್ಕೂ ಬೊಟ್ಟಿಟ್ಟು, ಕಾಯಿ ಒಡೆದು, ಅಂದಿನ ರೊಟ್ಟಿಯನ್ನು ಹೊತ್ತಿಸದೆ ಬೇಯಿಸಿದೆ.

ಇನ್ನು ನನ್ನ ತಳಮಳ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. ಯಾಕೆಂದರೆ ಜಗಳಾಡಿ, ಹರಕೆ ಹೊತ್ತು ಹಾಕಿಸಿದ ಆ ದೀಪಗಳು ಆಮೇಲೆ ಉರಿಯುವಾಗ ನನಗೇ ಕಾಣುವಂತಿರಲಿಲ್ಲ. ಮುಂಜಾನೆ ಹೊಲಕ್ಕೆ ಹೋಗುವಾಗ ಗಾಡಿಯ ಬೆನ್ನು ನನಗೆ ಕಾಣುತ್ತದೆ, ಆದರೆ ಆಗ ದೀಪ ಹತ್ತಿರುವುದಿಲ್ಲ. ಸಂಜೆ ಹತ್ತಿರುತ್ತವೆ, ಆದರೆ ಆಗ ಗಾಡಿಯ ಮುಖ ನನ್ನ ಕಡೆಗಿರುತ್ತದೆ. ಅಂಗಳಕ್ಕೆ ಬಂದ ತಕ್ಷಣ, ಬ್ಯಾಟರಿ ಇಳಿದೀತೆಂದು ಯಜಮಾನರು ಬಟನ್ ಆರಿಸಿಬಿಡುತ್ತಾರೆ. ನನ್ನ ದೀಪಗಳನ್ನು ಲಾರಿಯವರು, ಬಸ್ಸಿನವರು, ಎಲ್ಲೆಲ್ಲಿಂದಲೋ ಬಂದ ಕಾರಿನವರು ನೋಡುತ್ತಿದ್ದರು. ನಾನು ಮಾತ್ರ ನಂಬಿಕೊಂಡು ಕೂರಬೇಕು. ನೋಡಲಾಗದ್ದಕ್ಕೆ ನಾನು ಏನು ಮಾಡಬಲ್ಲೆ? ಪೂಜೆ ಮಾಡಬಲ್ಲೆ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ, ಯಾವುದನ್ನೂ ಬಿಡಲಿಲ್ಲ. ಮೊದಲೆಲ್ಲ ಒಂದೊಂದು ಬೊಟ್ಟು. ಒಣಗಿದ ಮೇಲೆ ಅದರ ಮೇಲೊಂದು. ಆಮೇಲೆ ವಿಭೂತಿ. ನಡುನಡುವೆ ನಮ್ಮ ಎರೆ ಹೊಲದ ಧೂಳು ತನ್ನ ಪಾಲಿಗೆ ಬಂದು ಕೂತಿತು. ಹಳೆಯದನ್ನು ಒರೆಸಿ ಹೊಸದು ಹಚ್ಚಬಹುದಿತ್ತಲ್ಲ ಎನ್ನುತ್ತೀರಿ. ಕುಂಕುಮವನ್ನು ಕೈಯಾರೆ ಒರೆಸುವುದುಂಟೇ? ಅದೂ ಗಂಡನ ಬೆನ್ನು ಕಾಯುವ ದೀಪದ ಕುಂಕುಮ!

ಹರಕೆ ತೀರಿದ್ದನ್ನು ತಾಯಿಗೆ ಒಪ್ಪಿಸಿ ಬರೋಣವೆಂದು ಒಂದು ದಿನ ಕಾಯಿ ಹೂವು ಹಿಡಿದು ಬಾದಾಮಿಯ ಬಸ್ಸು ಹತ್ತಿದೆ. ಡ್ರೈವರನ ಹಿಂದಿನ ಸೀಟೇ ಸಿಕ್ಕಿತು. ಅದನ್ನೂ ಉಪಕಾರವೆಂದು ಎಣಿಸಿಕೊಂಡೆ. ಬಸ್ಸು ಊರು ಬಿಟ್ಟಿದ್ದೇ ಡ್ರೈವರ ಕಂಡಕ್ಟರನಿಗೆ ಹೇಳತೊಡಗಿದ.

"ಈ ಗುಡೂರಾಗ ಒಬ್ಬ ಹಳೇ ಕೆಂಪ ಟ್ರ್ಯಾಕ್ಟರಿನವ ಅದಾನಲ್ಲ, ನಿನ್ನೆ ಸಂಜಿಮುಂದ ಮತ್ತ ಅವನ ಮ್ಯಾಲ ಹೊಂಟಿದ್ದೆ ಮಾರಾಯಾ. ಹಿಂದಿನ ಸಲಕಿಂತ ಹತ್ರ. ಕೇಳಿದ್ರ, ಲೈಟ ಹಾಕಿಸೇನಿ ನೋಡು ಅಂತಾನ! ಎಲ್ಲಿ ಲೈಟು? ನನ್ನ ಕಣ್ಣಿಗಂತೂ ಕಾಣಲಿಲ್ಲ."

"ಬೀಡಿ ಹಚ್ಚಿಕೊಂಡಿದ್ದನೇನ, ಅದನ್ನ ಲೈಟ್ ಅಂದಿರಬೇಕು," ಎಂದು ಕಂಡಕ್ಟರ ನಕ್ಕ.

ನನ್ನ ಮಡಿಲಿನ ಕಾಯಿ ಜಾರಿ ಸೀಟಿನ ಕೆಳಗೆ ಹೋಯಿತು. ತಾಯಿಯ ಎದುರು ನಿಂತು ಏನು ಹೇಳಿದೆನೋ ನೆನಪಿಲ್ಲ. ಹರಕೆಯ ಮಾತೆತ್ತದೆ ಕಾಯಿ ಹೂವು ಇಟ್ಟು ಬಂದೆ. ತಿರುಗಿ ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಎಲ್ಲರನ್ನೂ ಬೈದೆ. ಡ್ರೈವರನ ಕಣ್ಣು ಸರಿಯಿಲ್ಲ. ರಾಜೇಸಾಬನ ವೈರು ಸರಿಯಿಲ್ಲ. ಇಳಕಲ್ಲಿನ ಅಂಗಡಿಯವನ ದೀಪ ಸರಿಯಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇಷ್ಟಾದರೂ ನನಗೊಂದು ಮಾತು ಹೇಳದ ಈ ಮನುಷ್ಯನ ಬುದ್ಧಿ ಸರಿಯಿಲ್ಲ.

ಸಂಜೆ ಅವರು ಬಂದು ಇಳಿಯುವುದರೊಳಗೆ ಅಡ್ಡ ನಿಂತೆ. "ನಿನ್ನೆ ಬಸ್ಸಿನವ ಮತ್ತ ಬಂದಿದ್ನಂತ. ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ರೊಟ್ಟಿ ಹೊತ್ತಸ್ತಿ."

"ಗಾಡಿ ತಿರುಗಸ್ರಿ. ದೀಪ ಹಚ್ರಿ. ನಾ ನೋಡಬೇಕು."

ನನ್ನ ಮುಖ ನೋಡಿ ಅವರು ಗಾಡಿ ತಿರುಗಿಸಿದರು. ಮುಸ್ಸಂಜೆಯ ಬೆಳಕಿನಲ್ಲಿ ನಾನೂ ಅತ್ತೆಯವರೂ ಹಿಂದೆ ನಿಂತೆವು. ಅವರು ಬಟನ್ ಒತ್ತಿದ್ದೇನೆ ಎಂದು ಕೂಗಿದರು. ನೋಡಿದರೆ, ಬೂದಿ ಮುಚ್ಚಿದ ಕೆಂಡದಷ್ಟು ಏನೋ ಇತ್ತು. ಅತ್ತೆಯವರು ಹತ್ತಿರ ಹೋಗಿ ಬಗ್ಗಿದರು. ಜೇಡರ ಬಲೆ ಹುಡುಕುವ ಅದೇ ಕಣ್ಣು.

"ಪೊರಿ ಬಂದೈತಿ," ಎಂದರು.

"ಏನ್ರೀ ಅತ್ತಿ?"

"ನನ್ನ ಕಣ್ಣಿಗೆ ಬಂದಿತ್ತಲ್ಲ, ಥೇಟ್ ಹಂಗ. ಏನವ್ವಾ ಇದು, ದೀಪಕ್ಕ ಕುಂಕುಮ ಹಚ್ಚೀಯೋ, ಮನಿ ಗ್ವಾಡಿಗೆ ಶಗಣಿ ಸಾರಣಿ ಮಾಡೀಯೋ?"

ನಾನು ಬೈದ ಡ್ರೈವರ, ರಾಜೇಸಾಬ, ಅಂಗಡಿಯವ, ಎಲ್ಲರೂ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದು ಹೋದರು. ಯಜಮಾನರು ಸೀಟಿನ ಮೇಲಿನಿಂದ ಹೊರಳಿ ನೋಡಿದರು. ನಗಬೇಕಿತ್ತು, ನಗಲಿಲ್ಲ. ಅವರಿಗೂ ಈಗಲೇ ತಿಳಿಯಿತೆಂದು ಕಾಣುತ್ತದೆ. ಅವರಿಗಾದರೂ ಬೆನ್ನ ಹಿಂದಿನದು ಹೇಗೆ ಕಾಣಬೇಕು?

ಒದ್ದೆ ಅರಿವೆ ತಂದೆ. "ಅತ್ತಿ, ಕುಂಕುಮ ಅಳಸೂದು..." ಎಂದು ನಿಂತುಬಿಟ್ಟೆ.

ಅತ್ತೆಯವರು ನನ್ನ ಮುಖ ನೋಡಿದರು. ಅವರ ಹಣೆ ಮಾವ ಹೋದಂದಿನಿಂದ ಬರಿದು. "ಅಳಸಿಕೊಂಡಾಕಿ ನಾನು," ಎಂದರು. "ಅಳಸೂದು ಯಾವುದು, ತೊಳಿಯೂದು ಯಾವುದು ನನಗ ಗೊತ್ತೈತಿ. ಗಂಡ ಮನಿ ಮುಟ್ಟಲಿ ಅಂತ ಒರಸಿದ್ರ ಅದು ಅಳಸಿದಂಗಲ್ಲ. ಒರಸು."

ಒರೆಸಿದೆ. ಒಂದು ಅರಿವೆ ಸಾಲಲಿಲ್ಲ, ಅಷ್ಟರಲ್ಲಿ ಕತ್ತಲೂ ಆಯಿತು. ಕೊನೆಗೆ ಬೆಳಕು ಬಂದಾಗ ಅದು ಒಮ್ಮೆಗೇ ಕಣ್ಣಿಗೆ ಹೊಡೆಯಿತು. ಅತ್ತೆಯವರ ಬಿಳಿ ಸೀರೆಯೂ ಕೆಂಪಗೆ ಕಂಡಿತು. ನಾನು ಹಾಕಿಸಿದ ದೀಪ ಕತ್ತಲೆಯಲ್ಲಿ ಉರಿಯುವುದನ್ನು ನಾನು ಕಂಡದ್ದು ಅದೇ ಮೊದಲು. ಬೆರಳು ಮಡಚಿ ಎಣಿಸಲು ಹೋದರೆ ಅಂದಿನದು ಯಾವ ಗೆಣ್ಣಿನ ಮೇಲೂ ಕೂರುವಷ್ಟು ಸಣ್ಣದಿರಲಿಲ್ಲ.

ಅಂದಿನಿಂದ ಯಜಮಾನರು ಸಂಜೆ ಅಂಗಳಕ್ಕೆ ಹಿಮ್ಮುಖವಾಗಿಯೇ ಬರುತ್ತಾರೆ. ನಾನು ಒದ್ದೆ ಅರಿವೆ ಹಿಡಿದು ಬಂದು ನೋಡುವವರೆಗೆ ದೀಪ ಆರಿಸುವುದಿಲ್ಲ. ಹಾಗೆ ಬರುವಾಗ ಮೊನ್ನೆ ನನ್ನ ತುಳಸಿಕಟ್ಟೆಯ ಒಂದು ಮೂಲೆ ಹೋಯಿತು. ಯಾರಿಗೆ ಏನು ಹೇಳಲಿ? ಮೂಲೆಯಷ್ಟೇ ಹೋಯಿತಲ್ಲ, ತಾಯಿ, ನಿನ್ನ ಉಪಕಾರ ಎಂದುಕೊಂಡೆ.

"ನೋಡಿದೇನ?" ಎಂದು ದಿನಾಲು ಮೇಲಿನಿಂದ ಕೇಳುತ್ತಾರೆ.

"ನೋಡಿದೆ."

"ಕುಂಕುಮ ಹಚ್ಚಿಲ್ಲಲ್ಲ?"

"ದೀಪಕ್ಕ ಹಚ್ಚಿಲ್ರಿ."

ಸುಳ್ಳಲ್ಲ. ದೀಪಕ್ಕೆ ಹಚ್ಚಿಲ್ಲ, ಅದರ ಕೆಳಗಿನ ನಟ್ಟಿಗೆ ಹಚ್ಚಿದ್ದೇನೆ, ಸಾಸಿವೆಯಷ್ಟು. ಅದು ಬಸ್ಸಿನವನಿಗೆ ಅಡ್ಡ ಬರುವುದಿಲ್ಲ, ತಾಯಿಗೆ ಕಾಣದೆ ಇರುವುದಿಲ್ಲ. ಅತ್ತೆಯವರಿಗೂ ಕಂಡಿರಬೇಕು, ಆ ಕಣ್ಣಿಗೆ ಕಾಣದ್ದು ಯಾವುದಿದೆ. ಆದರೆ ಈವರೆಗೆ ಬಾಯಿಬಿಟ್ಟಿಲ್ಲ. ಇಷ್ಟೆಲ್ಲ ಆದ ಮೇಲೂ, ದೇವರ ಮುಂದೆ ಕೂತು ಕಣ್ಣು ಮುಚ್ಚಿದರೆ ನನಗೆ ದೇವರು ಕಾಣುತ್ತಾರೆಯೇ ಎಂದು ಕೇಳಬೇಡಿ. ಈಗಲೂ ಟ್ರ್ಯಾಕ್ಟರೇ ಕಾಣುತ್ತದೆ. ಮೊದಲು ಮುಂದಿನಿಂದ ಕಾಣುತ್ತಿತ್ತು, ಈಗ ಹಿಂದಿನಿಂದ.