ನಡುಗಡ್ಡೆಗೆ ಮಳೆ ಮಂಜೂರು ಮಾಡುವ ಕ್ರಮ

ಸಂಖ್ಯೆ: ಕಕೊ/ದೇಆ/7

ವಿಷಯ: ಕಡತ ಕೊಠಡಿಯ ಕಂಪ್ಯೂಟರಿಗೆ ಡೌನ್‌ಲೋಡ್ ಮಾಡಿಕೊಂಡಿರುವ ದೇವರ ಆಟದ ಗುಣದೋಷಗಳು ಹಾಗೂ ಇನ್ನು ಮುಂದೆ ದೇವರಾಗುವ ಸಿಬ್ಬಂದಿ ಪಾಲಿಸಬೇಕಾದ ನಿಯಮಗಳು.

ಉಲ್ಲೇಖ: (1) ಕೇರಂ ಬೋರ್ಡಿನ ಬಗ್ಗೆ ಹಿಂದೊಮ್ಮೆ ಹೊರಡಿಸಿದ ಸುತ್ತೋಲೆ (ಕೆಂಪು ಕಾಯಿ ಇನ್ನೂ ಸಿಕ್ಕಿಲ್ಲ).
(2) ನಡುಗಡ್ಡೆ ನಿವಾಸಿಗಳ ಮೊರೆ, ಸೋಮವಾರ.

ಬೇಸಿಗೆ ಕಾಲಿಟ್ಟ ವಾರ, ಮಧ್ಯಾಹ್ನದ ಊಟ ಮುಗಿದು ಎರಡು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ ಈ ಆಟ ಶುರುವಾಯಿತೆಂದು ತಿಳಿದುಬಂದಿದೆ. ಆಡುವವರು ಮೇಲೆ ದೇವರಾಗಿದ್ದು, ಕೆಳಗೆ ಒಂದು ನಡುಗಡ್ಡೆಯಲ್ಲಿ ಅಕ್ಕಿಕಾಳಿನ ಗಾತ್ರದ ಜನ ಬದುಕಿರುತ್ತಾರೆ. ಈ ಕಚೇರಿಯಲ್ಲಿ ದೇವರಾಗದೆ ಉಳಿದವನು ಕಡತ ಕೊಠಡಿಯ ಅಟೆಂಡರ್ ಒಬ್ಬನೇ ಆದ್ದರಿಂದ ಕರಡು ಬರೆಯುವ ಕೆಲಸವನ್ನು ಅವನಿಗೆ ವಹಿಸಲಾಗಿದೆ.

1. ಗುಣಗಳನ್ನು ಮೊದಲು ಒಪ್ಪಿಕೊಳ್ಳತಕ್ಕದ್ದು. ನೀರು ನೀರಿನ ಹಾಗೆಯೇ ಇದೆ. ಅಲೆ ಬಂದಾಗ ಮುಖ್ಯ ಗುಮಾಸ್ತರು ಮೇಜಿನ ಮೇಲಿನ ಕಾಗದ ಎತ್ತಿಟ್ಟದ್ದನ್ನು ಇಬ್ಬರು ನೋಡಿದ್ದಾರೆ. ಕಲಿಯಲು ಕಾಲು ಗಂಟೆ ಸಾಕು. ಜನ ಹೇಳಿಸಿಕೊಳ್ಳದೆ ಮನೆ ಕಟ್ಟುತ್ತಾರೆ, ಸಂಜೆ ಬೆಂಕಿಯ ಸುತ್ತ ಕೂತು ಹಾಡುತ್ತಾರೆ. ತಮ್ಮ ಇಡೀ ಸೇವೆಯಲ್ಲಿ ಇಂಥ ಸಿಬ್ಬಂದಿಯನ್ನು ಕಂಡಿಲ್ಲವೆಂದು ಅಧೀಕ್ಷಕರು ಅಭಿಪ್ರಾಯಪಟ್ಟಿರುತ್ತಾರೆ.

2. ದೋಷಗಳೂ ಇವೆ. ದೇವರ ಕೈ ಕಲ್ಲು ಎತ್ತಲು ಹೋಗಿ ಮರ ಕೀಳುತ್ತದೆ. ಮಳೆ, ಒತ್ತಿದ ಗುಂಡಿ ಬಿಟ್ಟ ಮೇಲೂ ಸುರಿಯುತ್ತದೆ. ಒಮ್ಮೆ ಆದದ್ದನ್ನು ಹಿಂದಕ್ಕೆ ತರಲು ಅವಕಾಶವಿಲ್ಲ. ಎಲ್ಲಕ್ಕಿಂತ ದೊಡ್ಡದು, ಕಡತ ಸಹಿಗೆ ಹೋಗಿದೆ ಎಂಬುದು ಆಟಕ್ಕೆ ತಿಳಿಯುವುದಿಲ್ಲ. ಅದರ ಗಡಿಯಾರ ತನ್ನ ಪಾಡಿಗೆ ಓಡುತ್ತಿರುತ್ತದೆ.

3. ನಡುಗಡ್ಡೆಯನ್ನು ಇಬ್ಬರಿಂದ ನಲವತ್ತಮೂರು ಜನಕ್ಕೆ ಬೆಳೆಸಿದವರು ತಪಾಲು ವಿಭಾಗದ ಗುಮಾಸ್ತೆ. ಎಲ್ಲರೂ ತಪಾಲಕ್ಕ ಎನ್ನುವುದರಿಂದ ಇಲ್ಲೂ ಹಾಗೆಯೇ ಬರೆಯಲಾಗಿದೆ. ಅಲ್ಲಿ ಯಾವ ಮಗು ಯಾರದೆಂದು ಬೆರಳಿಟ್ಟು ತೋರಿಸಬಲ್ಲವರು ಅವರೊಬ್ಬರೇ. ಆದರೂ ಒಬ್ಬರ ಕೈಯಲ್ಲೇ ಎಲ್ಲ ಇರುವುದು ಕ್ರಮವಲ್ಲವೆಂದು ದೈವಾಧಿಕಾರವನ್ನು ಹಂಚಲಾಯಿತು: ಮೊರೆ ಕೇಳುವುದು ತಪಾಲಕ್ಕನದು, ಮೊರೆಯ ಪರಿಶೀಲನೆ ಹಾಗೂ ಬೆಟ್ಟ ಮುಖ್ಯ ಗುಮಾಸ್ತರದು, ಮಳೆ ಅಧೀಕ್ಷಕರದು.

4. ಸೋಮವಾರ ಕೆರೆ ಬತ್ತಿತು. ಜನರೆಲ್ಲ ಮೊಣಕಾಲೂರಿ ಕೈ ಎತ್ತಿದರು. ತಪಾಲಕ್ಕ ಮೊರೆಯನ್ನು ಸ್ವೀಕೃತಿ ವಹಿಯಲ್ಲಿ ಬರೆದುಕೊಂಡು ಮುಂದೆ ಕಳಿಸಿದರು. ಕೈ ಎತ್ತಿದವರಲ್ಲಿ ನಿಜಕ್ಕೂ ಬಾಯಾರಿದವರೆಷ್ಟು ಎಂದು ಕೇಳಿ ಮುಖ್ಯ ಗುಮಾಸ್ತರು ವಾಪಸು ಮಾಡಿದರು. ಮಂಗಳವಾರ ಉತ್ತರ ಹೋಯಿತು. ಬುಧವಾರ, ಮೋಡದ ನಕಲು ಲಗತ್ತಿಸಿಲ್ಲವೆಂಬ ಆಕ್ಷೇಪ ಬಂತು. ಅಂದು ತಪಾಲಕ್ಕ ಅಧೀಕ್ಷಕರ ಮೇಜಿನ ಮುಂದೆ ನಿಂತು ಆಡಿದ ಮಾತು ಕಡತದಲ್ಲಿರಲೆಂದು ಇದ್ದ ಹಾಗೇ ಕೊಡಲಾಗಿದೆ: "ಸಾರ್, ಒಂದು ಸಲ ಗುಂಡಿ ಒತ್ತಿಬಿಡಿ. ಸಹಿ ಆಮೇಲೆ ಹಾಕೋರಂತೆ. ಅಲ್ಲೀವರೆಗೂ ಅವರಿಗೆ ನಾನೇನು ಹೇಳ್ಲಿ?"

ಅಧೀಕ್ಷಕರು, "ಪರಿಶೀಲನೇಲಿದೆ ಅಂತ ಹೇಳಮ್ಮ" ಎಂದರು. ಹಾಗೆ ಹೇಳುವ ಗುಂಡಿ ಆಟದಲ್ಲಿಲ್ಲವೆಂದು ತಪಾಲಕ್ಕ ತಿಳಿಸಿದರು. ಇದನ್ನೂ ದೋಷಗಳ ಪಟ್ಟಿಗೆ ಸೇರಿಸಿಕೊಳ್ಳತಕ್ಕದ್ದು.

5. ಗುರುವಾರ ಹನ್ನೊಂದು ಗಂಟೆಗೆ ಮಳೆ ಮಂಜೂರಾಯಿತು. ಆ ಹೊತ್ತಿಗೆ ಕೈ ಎತ್ತಲು ಅಲ್ಲಿ ಯಾರೂ ಇರಲಿಲ್ಲ. ಮಂಜೂರಾದ ಮಳೆಯನ್ನು ಹಿಂಪಡೆಯಲು ನಿಯಮವಿಲ್ಲದ ಕಾರಣ ಪೂರ್ತಿ ಸುರಿಸಲಾಯಿತು. ಕೆರೆ ತುಂಬಿರುತ್ತದೆ.

6. ಆದ್ದರಿಂದ ಸಂಬಂಧಪಟ್ಟ ಎಲ್ಲ ದೇವರುಗಳಿಗೆ ಈ ಮೂಲಕ ಸೂಚಿಸಲಾಗಿದೆ:

(ಅ) ಬಾಯಾರುವವರು ಏಳು ದಿನ ಮುಂಚಿತವಾಗಿ ತಿಳಿಸತಕ್ಕದ್ದು.

(ಆ) ಕೈ ತಗುಲಿ ಆದ ಭೂಕಂಪಕ್ಕೂ ಲಿಖಿತ ವಿವರಣೆ ಕೊಡತಕ್ಕದ್ದು. ಬೆಟ್ಟ ತಾನಾಗಿಯೇ ಕುಸಿಯಿತೆಂಬ ಉತ್ತರವನ್ನು ಈಗಾಗಲೇ ಎರಡು ಸಲ ಒಪ್ಪಿಕೊಂಡಿದ್ದು, ಮೂರನೆಯದನ್ನು ಒಪ್ಪಲಾಗುವುದಿಲ್ಲ.

(ಇ) ಪ್ರವಾಹದಲ್ಲಿ ತೇಲುವವರು ಎಡಬದಿಯಲ್ಲೇ ತೇಲತಕ್ಕದ್ದು.

(ಈ) ದೇವರು ರಜೆ ಹೋಗುವಾಗ ಪ್ರಭಾರ ವಹಿಸಿ ಹೋಗತಕ್ಕದ್ದು. ಪ್ರಭಾರ ದೇವರು ಪವಾಡ ಮಾಡುವಂತಿಲ್ಲ. ದಿನನಿತ್ಯದ ಸೂರ್ಯೋದಯಕ್ಕೆ ಮಾತ್ರ ಸಹಿ ಹಾಕಬಹುದು. ಸಹಿ ತಡವಾದರೆ ಜನ ಮಲಗಿಯೇ ಇರತಕ್ಕದ್ದು.

7. ಗುರುವಾರದಿಂದೀಚೆಗೆ ತಪಾಲಕ್ಕ ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಆಡುವುದಿಲ್ಲ. ಕಡಲನ್ನು ಆ ಕಡೆಗೂ ಈ ಕಡೆಗೂ ಸರಿಸಿ ಸರಿಸಿ ನೋಡುತ್ತಾರೆ. ಡಬ್ಬಿ ಬಿಚ್ಚದೆ ಹಾಗೇ ಮನೆಗೆ ಒಯ್ಯುತ್ತಾರೆ. ಇದಕ್ಕೆ ನಿಯಮದ ಅಗತ್ಯ ಕಂಡುಬಂದಿಲ್ಲ.

(ಸಹಿ ಇದೆ)
ಅಧೀಕ್ಷಕರು
ಹಾಗೂ ಪದನಿಮಿತ್ತ ಮಳೆ ದೇವರು

ಪ್ರತಿಗಳು:
1. ಮುಖ್ಯ ಗುಮಾಸ್ತರಿಗೆ, ಬೆಟ್ಟ ಎತ್ತುವುದನ್ನು ನಿಲ್ಲಿಸಿ ಓದಿಕೊಳ್ಳಲು.
2. ತಪಾಲಕ್ಕನಿಗೆ, ಅವರು ತಲೆ ಎತ್ತಿದಾಗ.
3. ಸೂಚನಾ ಫಲಕಕ್ಕೆ. ಪಿನ್ನು ಇಲ್ಲದ್ದರಿಂದ ಒರಗಿಸಿ ಇಡಲಾಗಿದೆ.
4. ನಡುಗಡ್ಡೆಯ ನಿವಾಸಿಗಳಿಗೆ. ತಲುಪಿಸಲಾಗಿಲ್ಲ. ವಿಳಾಸದಾರರು ನಲವತ್ತಮೂರು ಮಂದಿಯೂ, ಕೈಗೂಸುಗಳ ಸಮೇತ, ಎರಡು ದೋಣಿಗಳಲ್ಲಿ ಗುರುವಾರ ಬೆಳಗ್ಗೆ ಹೊರಟುಹೋಗಿರುತ್ತಾರೆ.