ನಮ್ಮತ್ತೆ ಮೀನಿನ ತೊಟ್ಟಿಯ ಕಳೆ ಕಿತ್ತದ್ದು

ಗಾಜು ಒಡೆಯಬಹುದಿತ್ತು. ಒಡೆದು, ನೀರೆಲ್ಲ ಹರಿದು, ಕೆಳಗಿನ ಮನೆಯವರು ಜಗಳಕ್ಕೆ ಬರಬಹುದಿತ್ತು. ನಲ್ಲಿ ನೀರಿನ ಬ್ಲೀಚಿಂಗ್ ಪೌಡರಿಗೆ ಬೇರು ಕೊಳೆಯಬಹುದಿತ್ತು. ಕರೆಂಟು ಹೋಗಿ ಬೆಳಕಿಲ್ಲದೆ ಎಲೆ ಹಳದಿಯಾಗಬಹುದಿತ್ತು. ಮೀನುಗಳೇ ದಂಟಿನ ಸೊಪ್ಪೆಂದು ತಿಳಿದು ಮೇಯಬಹುದಿತ್ತು. ಮಂಡ್ಯದ ಬಾಡಿಗೆ ಮನೆಯ ನಡುಮನೆಯಲ್ಲಿ, ಎರಡಡಿಯ ಗಾಜಿನ ತೊಟ್ಟಿಯೊಳಗೆ ಒಂದು ನೀರುಗಿಡ ಬೆಳೆಸಲು ಹೊರಟ ದಿನದಿಂದ ಇವನ್ನೆಲ್ಲ ಸರದಿಯ ಮೇಲೆ ಚಿಂತಿಸಿದ್ದೇನೆ. ನನಗೆ ಐವತ್ತೆರಡು, ಮಳೆ ಬಂದರೆ ಮಳೆಯ ಚಿಂತೆ, ಬಾರದಿದ್ದರೆ ಯಾಕೆ ಬರಲಿಲ್ಲವೆಂಬ ಚಿಂತೆ. ಗಿಡಕ್ಕಿಂತ ಮೊದಲು ನಾನೇ ಬಾಡಿಹೋಗುತ್ತೇನೆಂದು ಹೆಂಡತಿ ಭವಿಷ್ಯ ನುಡಿದಿದ್ದಳು.

ಗಿಡವಂತೂ ಬಾಡಲಿಲ್ಲ. ಹುಲ್ಲಿನಂತೆ ಉದ್ದುದ್ದ ಎಲೆಯ ಆ ಬಡಪಾಯಿ ಮೂರೇ ತಿಂಗಳಲ್ಲಿ ಮರಳಿನಲ್ಲಿ ಬಳ್ಳಿ ಹರಿಸಿ ಹದಿನಾಲ್ಕು ಮರಿ ಹಾಕಿತು. ದಿನವೂ ಆಫೀಸಿಗೆ ಹೊರಡುವ ಮುನ್ನ ಎಣಿಸಿ ಹೋಗುತ್ತಿದ್ದೆ.

ಆಗ ತಮ್ಮೂರು ದುದ್ದದಿಂದ ನಮ್ಮತ್ತೆ ಬಂದರು. ನಲವತ್ತು ವರ್ಷ ಭತ್ತದ ಗದ್ದೆಯಲ್ಲಿ ಬಗ್ಗಿದವರು. ನಿಂತ ನೀರಿನಲ್ಲಿ ಹಸಿರು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ ಎಂಬುದೊಂದನ್ನು ಮಾತ್ರ ನಾನು ಚಿಂತಿಸಿರಲಿಲ್ಲ. ಸಂಜೆ ಬಂದು ನೋಡಿದರೆ ತೊಟ್ಟಿ ಬೋಳು. ಹದಿನಾಲ್ಕು ಮರಿಗಳೂ ತಾಯಿಗಿಡದ ಸಮೇತ, ಪೈರಿನ ಕಂತೆಯಂತೆ ಕಟ್ಟಿಸಿಕೊಂಡು ಬಚ್ಚಲ ಬಕೆಟ್ಟಿನಲ್ಲಿ ಕೂತಿದ್ದವು.

"ಎಲ್ಲಾ ನಾಲೆ ಕಳೆ ಅಳಿಯಂದ್ರೆ. ಇಂಗೇ ಬುಟ್ಟಿದ್ರೆ ಬೆಳೇನೆ ನುಂಗಾಕ್ಬುಡೋದು. ಅದೊಂದು ಚೆಂದಾಗಿ ಬಂದೈತೆ, ಅದುಕ್ಕೆ ಕೈ ಆಕ್ನಿಲ್ಲ."

ಅದೊಂದು ಎಂದರೆ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಗಿಡ. ತೊಟ್ಟಿಯ ಜೊತೆ ಅಂಗಡಿಯವನು ಪುಕ್ಕಟೆ ಕೊಟ್ಟದ್ದು. ಅತ್ತೆಯನ್ನು ಬೈದು ಪ್ರಯೋಜನವಿಲ್ಲ. ಮೊದಲ ವಾರ ಅದರ ಬುಡಕ್ಕೂ ಗೊಬ್ಬರದ ಗುಳಿಗೆ ಹೂತವನು ನಾನೇ.

ಹೆಂಡತಿ ಬಾಯಿಗೆ ಸೆರಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು. ಅತ್ತೆ ಸೊಂಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಅಳಿಯನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣಬಾರದೆಂದು ಮಾಡಿದ ಕೆಲಸವದು.

"ಒಳ್ಳೆ ಕೆಲಸ ಮಾಡಿದ್ರಿ ಅತ್ತೆ," ಎಂದೆ. "ನೀವು ಉಳಿಸಿದ್ದು ಬಾಳ ಒಳ್ಳೆ ತಳಿ."

ನಾಲ್ಕು ದಿನ ಬಿಟ್ಟು ಅವರು ಊರಿಗೆ ಹೊರಟ ಮೇಲೆ ಕಂತೆ ಬಿಚ್ಚಿ ಮತ್ತೆ ನಾಟಿ ಹಾಕಿದೆ. ಹದಿನೈದೂ ಬದುಕಿವೆ, ಬಕೆಟ್ಟಿನ ವಾಸದಿಂದ ಇನ್ನಷ್ಟು ಗೆಲುವಾದಂತಿವೆ. ನನ್ನ ಚಿಂತೆಗಳಲ್ಲಿ ಒಂದೂ ನಿಜವಾಗಲಿಲ್ಲ. ಆದದ್ದು ಇಷ್ಟೇ: ಬಸ್ಸು ಹತ್ತುವಾಗ ಅತ್ತೆ, ಆ ಒಳ್ಳೆ ತಳಿಯದೊಂದು ಮರಿ ತಮ್ಮ ಮನೆಯ ನೀರಿನ ತೊಟ್ಟಿಗೂ ಬೇಕೆಂದರು. ಅದು ಮರಿ ಹಾಕಿದ ಕೂಡಲೇ ತರುತ್ತೇನೆ ಎಂದುಬಿಟ್ಟೆ. ಈಗ ವಾರಕ್ಕೊಮ್ಮೆ ಫೋನು ಮಾಡಿ ಮರಿ ಹಾಕಿತೇ ಎಂದು ಕೇಳುತ್ತಾರೆ. ಇನ್ನೂ ಇಲ್ಲ ಎನ್ನುತ್ತೇನೆ; ಅಷ್ಟು ಮಟ್ಟಿಗೆ ಸುಳ್ಳಲ್ಲ. ನಿನ್ನೆ ಫೋನಿಟ್ಟವನು, ಯಾವುದಕ್ಕೂ ಇರಲಿ ಎಂದು, ಹೋಗಿ ಒಮ್ಮೆ ಆ ಪ್ಲಾಸ್ಟಿಕ್ ಗಿಡದ ಬುಡ ನೋಡಿ ಬಂದೆ.