ಗುಮಾಸ್ತರ ಪರದೆಗೆ ನಾನು ಮಾಡಿದ ಸೆಟ್ಟಿಂಗು

ಕಂಪ್ಯೂಟರ್ ಗೊತ್ತಿರೋಳು ಅಂತ ಒಂದು ಸಲ ಹೆಸರು ಬಿದ್ದರೆ ಮುಗಿಯಿತು, ಇಂಥವು ನಡೆಯುತ್ತಲೇ ಇರುತ್ತವೆ. ಅರಸೀಕೆರೆಯ ಹೊರಗೆ ಕೊಬ್ಬರಿ ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ತೂಕದ ಕೆಲಸಕ್ಕಿದ್ದವರು ಇಬ್ಬರು. ಒಬ್ಬರು ಹಿರಿಯ ಗುಮಾಸ್ತರು, ಇನ್ನೊಬ್ಬಳು ನಾನು. ಅಲ್ಲಿರುವುದು ಹಳೇ ಪ್ರೋಗ್ರಾಂ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸಿಗೆ ಕೆಲಸವೇ ಇಲ್ಲ. ತೂಕ ವೈರಿನಲ್ಲಿ ತಾನಾಗಿ ಬರುತ್ತದೆ. ಡ್ರೈವರ್ ಕೂಗಿದ ಲಾರಿ ನಂಬರ್ ಹೊಡೆದು ಮೂರು ಕೀ ಒತ್ತಿದರೆ ಚೀಟಿ ಬರುತ್ತದೆ.

೧. ಅಕ್ಷರ

ಒಂದು ದಿನ ಗುಮಾಸ್ತರು ಮೆಲ್ಲಗೆ, "ಅಕ್ಷರ ಇನ್ನೊಂದು ಚೂರು ದೊಡ್ಡದು ಮಾಡಮ್ಮ" ಅಂದರು. ಮಾಡಿಕೊಟ್ಟೆ. ಮುಂದಿನ ವಾರ ಮತ್ತೆ ಅದೇ ಮಾತು. ಮೂರನೇ ಸಲ ನಿಜ ಹೇಳಿದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು, ಡಾಕ್ಟರು ಕೈಚೆಲ್ಲಿದ್ದರು.

"ಯಜಮಾನ್ರಿಗೆ ಗೊತ್ತಾದ್ರೆ ನನ್ನ ಮನೆಗೆ ಕಳಿಸ್ತಾರೆ ಕಣಮ್ಮ. ಕಣ್ಣು ಕಾಣದೋನು ತೂಕಕ್ಕೆ ಕೂತವ್ನೆ ಅಂದ್ರೆ ಯಾವ ರೈತ ನಂಬ್ತಾನೆ? ನಮ್ಮೋಳು ಹೋದ್ಮೇಲೆ ಆ ಮನೇಲಿ ಹಗಲು ಕಳೆಯಾಕಾಗಲ್ಲ."

ನಾನು ಯಾರಿಗೂ ಹೇಳಲಿಲ್ಲ. ತಪ್ಪೋ ಸರಿಯೋ, ಇವತ್ತಿಗೂ ತಿಳಿಯದು. ಅಕ್ಷರ ಬೆಳೆದೂ ಬೆಳೆದೂ ಪರದೆಯಲ್ಲಿ ನಾಲ್ಕೇ ಸಾಲು ಹಿಡಿಸುವಂತಾಯಿತು. ಹಗರೆಯ ಡ್ರೈವರೊಬ್ಬ ಚೀಟಿ ತಗೊಳ್ಳಲು ಇಳಿಯಲೇ ಇಲ್ಲ. ಲಾರಿಯಿಂದಲೇ ಕೂಗಿದ: "ನನ್ ತೂಕ ಇಲ್ಲಿಗೇ ಕಾಣ್ತೈತೆ ಕಣ್ರೀ, ಬತ್ತೀನಿ!"

೨. ಬಣ್ಣ

ಕಪ್ಪಿನ ಮೇಲಿನ ಬಿಳಿ ಅಕ್ಷರ ಅವರಿಗೆ ಮಸುಕಾಗತೊಡಗಿತು. ಹಸಿರು ಹಾಕಿ ನೋಡಿದೆ, ನೀಲಿ ಹಾಕಿ ನೋಡಿದೆ. ಕೊನೆಗೆ ಕೆಂಪು ಪರದೆಯ ಮೇಲೆ ಹಳದಿ ಅಕ್ಷರ ಹಾಕಿದಾಗ, "ಹ್ಞಾ, ಇದು ಕಾಣ್ತೈತೆ" ಎಂದು ಮಗುವಿನ ಹಾಗೆ ಸಂತೋಷಪಟ್ಟರು.

ಮಾರನೇ ದಿನ ಯಜಮಾನರು ಬಂದವರು ಬಾಗಿಲಲ್ಲೇ ನಿಂತರು. "ಏನ್ರೀ ಇದು ಹಳದಿ ಕೆಂಪು? ರಾಜ್ಯೋತ್ಸವಕ್ಕೆ ಇನ್ನೂ ಮೂರು ತಿಂಗಳೈತೆ!"

ಬಣ್ಣ ಬದಲಿಸಲು ನಾನು ಕೀಬೋರ್ಡಿಗೆ ಕೈ ಹಾಕಿದೆ. ಗುಮಾಸ್ತರು ಎದ್ದು ನಿಂತು ಹೇಳಿದರು: "ನಾಡಿನ ಅಭಿಮಾನ ನವೆಂಬರ್‌ಗೆ ಮಾತ್ರ ಇರಬಾರ್ದು ಸಾರ್."

ಯಜಮಾನರಿಗೆ ಎಷ್ಟು ಖುಷಿಯಾಯಿತೆಂದರೆ, ಪರದೆಯ ಫೋಟೋ ತೆಗೆದು ಊರವರಿಗೆಲ್ಲ ಕಳಿಸಿದರು. ಸಾಲದ್ದಕ್ಕೆ ನನ್ನ ಕಡೆ ತಿರುಗಿ, "ನೋಡಿ ಕಲಿತ್ಕೊಳ್ಳಮ್ಮ" ಅಂದರು.

೩. ಕೀ

ಲಾರಿ ನಂಬರ್ ಹೊಡೆಯುವುದು ಅವರ ಬೆರಳಿಗೇ ರೂಢಿಯಾಗಿತ್ತು. ಆದರೆ ಚೀಟಿಗೆ ಬೇಕಾದ ಆ ಮೂರು ಕೀಗಳು ಕೀಬೋರ್ಡಿನ ಮೂಲೆಗೊಂದರಂತೆ ಇದ್ದವು. ತುಂಬಿದ ಲಾರಿಗೊಂದು, ಖಾಲಿ ಲಾರಿಗೊಂದು, ಚೀಟಿಗೊಂದು. ಸೆಟ್ಟಿಂಗಿಗೆ ಹೋಗಿ ಮೂರನ್ನೂ ಬಲಗೈಗೆ ಸಿಗುವಂತೆ ಒಂದೇ ಕಡೆ ತಂದೆ. ಬೆರಳಿಗೆ ಗುರುತು ಹತ್ತಲು ಏನಾದರೂ ಅಂಟಿಸಬೇಕು ಎಂದಿದ್ದಕ್ಕೆ, ಅವರು ಮರುದಿನ ಜೇಬಿನಿಂದ ಕಲ್ಲಿನ ಬಿಂದಿಯ ಹಾಳೆ ತೆಗೆದರು. ಅರ್ಧ ಖಾಲಿಯಾಗಿತ್ತು.

"ಕನ್ನಡಿ ಪಕ್ಕದಲ್ಲಿತ್ತು. ಅವಳದು."

ಒಂದು ಕೀಗೆ ಒಂದು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು ಅಂಟಿಸಿದೆ. ಅಷ್ಟರಲ್ಲಿ ಒಳಬಂದ ಗೆಂಡೆಹಳ್ಳಿಯ ಡ್ರೈವರು ಕೀಬೋರ್ಡ್ ನೋಡಿ, "ಏನ್ರೀ, ಇದಕ್ಕೆ ಗಂಡು ಗೊತ್ತಾಯ್ತಾ?" ಅಂದ.

"ಗಂಡು ನಾನೇ ಕಣಯ್ಯ" ಅಂದರು ಗುಮಾಸ್ತರು. "ಎರಡನೇ ಸಂಬಂಧ."

೪. ಬೆಳಕು

ಈಗ ಹೇಳುವುದು ಅವರ ಕೊನೆಯ ದಿನದ ಕತೆ. ಮರುದಿನವೇ ಯಜಮಾನರು ಶಾಲು ಹೊದಿಸಿ, ಮರ್ಯಾದೆಯಿಂದಲೇ ಮನೆಗೆ ಕಳಿಸಿದರು. ಈಗ ಆ ಕುರ್ಚಿಯಲ್ಲಿ ನಾನು ಕೂರುತ್ತೇನೆ, ಕೂರುವಾಗಲೆಲ್ಲ ಸಂಕಟವಾಗುತ್ತದೆ. ಇಷ್ಟನ್ನು ಮೊದಲೇ ಹೇಳಿ ಮುಗಿಸುತ್ತೇನೆ, ನಗೆ ಕೊನೆಗಿರಲಿ.

ಅವತ್ತು ಬೇಲೂರಿನಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ನಾನು ಮಧ್ಯಾಹ್ನ ಬಂದೆ. ನನ್ನ ಬೆನ್ನಿಗೇ ಯಜಮಾನರೂ ಬಂದರು. ಗುಮಾಸ್ತರು ಬೆನ್ನು ನೆಟ್ಟಗೆ ಮಾಡಿ, ಪರದೆಯನ್ನೇ ನೋಡುತ್ತಾ, ಚಕಚಕನೆ ಕೀ ಒತ್ತುತ್ತಿದ್ದರು. ಬೆಳಗಿನಿಂದ ಹನ್ನೊಂದು ಲಾರಿ ಕಳಿಸಿದ್ದರು. ಹನ್ನೊಂದು ಚೀಟಿಗಳೂ ಸರಿಯಾಗಿದ್ದವು.

ಪರದೆ ಮಾತ್ರ ಆರಿತ್ತು. ಬೆಳಿಗ್ಗೆಯೇ ಕಸ ಗುಡಿಸುವವಳು ಮೇಜು ಸರಿಸಿದಾಗ ಪರದೆಯ ವೈರ್ ಕಿತ್ತುಬಂದು ನೆಲದಲ್ಲಿ ಬಿದ್ದಿತ್ತು.

ನಾನು ವೈರಿನ ಕಡೆ ಬಗ್ಗಿದೆ. ಯಜಮಾನರು ಬೇಡವೆಂದು ಕೈಸನ್ನೆ ಮಾಡಿದರು. ನೆಲದ ವೈರನ್ನೂ ಗುಮಾಸ್ತರ ಬೆರಳುಗಳನ್ನೂ ನೋಡಿದರು. ಆಮೇಲೆ ಎಂದೂ ಇಲ್ಲದಷ್ಟು ಮೃದುವಾಗಿ ಕೇಳಿದರು: "ಪರದೆ ಚೆನ್ನಾಗಿ ಕಾಣ್ತೈತಾ ಗುಮಾಸ್ತರೇ? ಏನಾದ್ರೂ ಬದಲಾಯಿಸ್ಬೇಕಾ?"

ಗುಮಾಸ್ತರು ಕಣ್ಣು ಕಿರಿದು ಮಾಡಿ, ಆರಿದ ಪರದೆಯ ಮುಂದೆ ಅಂಗೈ ಮರೆ ಹಿಡಿದು ಹೇಳಿದರು:

"ಎಲ್ಲಾ ಚೆನ್ನಾಗೈತೆ ಸಾರ್. ಬೆಳಕು ಒಂಚೂರು ಕಮ್ಮಿ ಮಾಡಿಸಿ, ಕಣ್ಣಿಗೆ ಹೊಡೀತೈತೆ."